ಗೀಚುಬಿದ್ದ ಸಿಲಿಂಡರ್: ಇಟ್ಟುಕೊಳ್ಳಬೇಕೆ, ಎಸೆಯಬೇಕೆ?



ನಮ್ಮ ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯಲ್ಲಿ ಪೆಟ್ರೋಲಿನಿಂದ ನಡೆಯುವ ಮರ ಕೊಯ್ಯುವ ಗರಗಸ, ಅಂದರೆ ನೀವೆಲ್ಲ ಚೈನ್ ಸಾ ಎಂದು ಕರೆಯುವ ಮಿಷನ್ನು, ಈಗ ಅಪರೂಪದ ವಸ್ತುವಲ್ಲ. ಒಣಗಿದ ತೆಂಗು ಉರುಳಿಸುವುದಕ್ಕೆ ಅದು ಬೇಕು. ಬದುವಿನ ಸಿಲ್ವರ್ ಓಕು, ನೀಲಗಿರಿ ಕೊಯ್ದು ತುಂಡು ಮಾಡುವುದಕ್ಕೆ ಬೇಕು. ಆಷಾಢದ ಗಾಳಿಗೆ ದಾರಿಗಡ್ಡ ಬಿದ್ದ ಮರ ತೆಗೆಯುವುದಕ್ಕೂ ಬೇಕು. ಕೆಲವರು ತಮ್ಮ ತೋಟದ ಕೆಲಸಕ್ಕೆ ಮಾತ್ರ ಇಟ್ಟುಕೊಂಡಿದ್ದಾರೆ. ಇನ್ನು ಕೆಲವರು ಊರೂರಿಗೆ ಹೋಗಿ ಕೂಲಿಗೆ ಕೊಯ್ದು ಕೊಡುತ್ತಾರೆ. ಇಂಥವರ ಮನೆಯಲ್ಲಿ ಈ ಮಿಷನ್ನು ಒಂದು ಜೊತೆ ಎತ್ತು ಇದ್ದಹಾಗೆ. ಅದು ನಿಂತರೆ ಸಂಪಾದನೆ ನಿಂತಿತು.

ಹೀಗಿರುವ ಮಿಷನ್ನು ಒಂದು ದಿನ ಕೊಯ್ಯುತ್ತ ಕೊಯ್ಯುತ್ತಲೇ ಗಕ್ಕನೆ ನಿಂತುಬಿಡುತ್ತದೆ. ಹಗ್ಗ ಎಳೆದರೆ ಬರುವುದಿಲ್ಲ. ತಣ್ಣಗಾದ ಮೇಲೆ ಎಳೆದರೆ ಹಗ್ಗ ಸಲೀಸಾಗಿ ಬರುತ್ತದೆ, ಆದರೆ ಇಂಜಿನ್ನು ಹತ್ತುವುದಿಲ್ಲ. "ಹಿಡ್ಕಂಡ್ಬುಟ್ಟದೆ ಕಣಣ್ಣ" ಎನ್ನುತ್ತಾರೆ. ಬಿಚ್ಚಿ ನೋಡಿದರೆ ಸಿಲಿಂಡರಿನ ಒಳಗೋಡೆಯ ಮೇಲೆ ಉದ್ದುದ್ದ ಗೀಚು. ಆಗ ಸಾಮಾನ್ಯವಾಗಿ ಎರಡು ಬಗೆಯ ಸಲಹೆ ಕೇಳಿಬರುತ್ತವೆ. "ಸಿಲಿಂಡರ್ ಹೋಯ್ತು, ಪೂರಾ ಸೆಟ್ಟೇ ಹೊಸ್ದು ಹಾಕ್ಬೇಕು" ಎಂಬುದು ಒಂದು. "ಏನೂ ಆಗಿಲ್ಲ ಬುಡಿ, ಪಿಸ್ಟನ್ ಒಂದು ಹಾಕ್ಬುಡಾನ" ಎಂಬುದು ಇನ್ನೊಂದು. ಮೊದಲನೆಯದನ್ನು ಕೇಳಿದರೆ, ಕೆಡದೇ ಇದ್ದ ಸಿಲಿಂಡರಿಗೆ ನೀವು ದುಡ್ಡು ಸುರಿಯಬಹುದು. ಎರಡನೆಯದನ್ನು ಕೇಳಿದರೆ, ಹೊಸ ಪಿಸ್ಟನ್ನೂ ವಾರದೊಳಗೆ ಹಳೆಯದರ ದಾರಿ ಹಿಡಿಯಬಹುದು.

ಹಾಗಾದರೆ ಗೀಚುಬಿದ್ದ ಸಿಲಿಂಡರನ್ನು ಮತ್ತೆ ಹಾಕಬಹುದೋ ಇಲ್ಲವೋ, ಇದನ್ನು ತಿಳಿಯುವುದು ಹೇಗೆ? ಇದು ಊಹೆಯ ಮಾತಲ್ಲ. ಕಣ್ಣು, ಉಗುರು, ಒಂದು ಬ್ಯಾಟರಿ ದೀಪ ಇದ್ದರೆ ಬಹುಪಾಲು ನೀವೇ ತಿಳಿಯಬಹುದು.

ಒಳಗೋಡೆಯ ಲೇಪ

ಮೊದಲು ಒಳಗೆ ಏನಿದೆ ಎಂದು ತಿಳಿಯೋಣ. ಚೈನ್ ಸಾ ಇಂಜಿನ್ನು ಸಾಮಾನ್ಯವಾಗಿ ಟು ಸ್ಟ್ರೋಕ್ ಜಾತಿಯದು. ಟ್ರಾಕ್ಟರ್ ಇಂಜಿನ್ನಿನ ತಳದಲ್ಲಿ ಇರುವಂತೆ ಇದರಲ್ಲಿ ಎಣ್ಣೆ ತುಂಬಿದ ತೊಟ್ಟಿ ಇಲ್ಲ. ಪೆಟ್ರೋಲಿಗೆ ನೀವು ಬೆರೆಸಿ ಕೊಟ್ಟ ಎಣ್ಣೆಯೇ ಒಳಗೆ ಹೋಗಿ ಪಿಸ್ಟನ್ನಿಗೂ ಗೋಡೆಗೂ ಬೇರಿಂಗಿಗೂ ಜಿಡ್ಡು ಹಿಡಿಸಬೇಕು. ಬೇರೆ ದಾರಿಯೇ ಇಲ್ಲ. ಪೂರಾ ರೇಸಿನಲ್ಲಿ ಈ ಇಂಜಿನ್ನು ನಿಮಿಷಕ್ಕೆ ಸುಮಾರು ೧೨,೦೦೦ ಸುತ್ತು ತಿರುಗುತ್ತದೆ. ಎಂದರೆ ಸೆಕೆಂಡಿಗೆ ೨೦೦ ಸಲ ಪಿಸ್ಟನ್ನು ಮೇಲೆ ಹೋಗಿ ಕೆಳಗೆ ಬರುತ್ತದೆ. ಅಷ್ಟು ವೇಗದಲ್ಲಿ ಜಿಡ್ಡಿನ ತೆಳುಪೊರೆ ಒಂದು ಗಳಿಗೆ ಹರಿದರೂ ಅನಾಹುತವೇ.

ಪಿಸ್ಟನ್ನು ಅಲ್ಯೂಮಿನಿಯಂ ಮಿಶ್ರಲೋಹದ್ದು. ಸಿಲಿಂಡರೂ ಅಲ್ಯೂಮಿನಿಯಂ ಮಿಶ್ರಲೋಹದ್ದೇ, ಏಕೆಂದರೆ ಕೈಯಲ್ಲಿ ಹಿಡಿದು ಕೆಲಸ ಮಾಡುವ ಮಿಷನ್ನು ಹಗುರವಾಗಿರಬೇಕು, ಬೇಗ ತಣಿಯಬೇಕು. ಆದರೆ ಅಲ್ಯೂಮಿನಿಯಂ ಮೇಲೆ ಅಲ್ಯೂಮಿನಿಯಂ ಉಜ್ಜಿದರೆ ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ. ಅದಕ್ಕಾಗಿ ಸಿಲಿಂಡರಿನ ಒಳಗೋಡೆಗೆ ಬಹು ಗಟ್ಟಿಯಾದ ಒಂದು ಲೇಪ ಕೊಟ್ಟಿರುತ್ತಾರೆ. ಕೆಲವಕ್ಕೆ ಕ್ರೋಮ್ ಲೇಪ. ಇನ್ನು ಕೆಲವಕ್ಕೆ ನಿಕ್ಕಲ್ಲಿನೊಳಗೆ ಸಿಲಿಕಾನ್ ಕಾರ್ಬೈಡ್ ಎಂಬ ಸಾಣೆಕಲ್ಲಿನ ಪುಡಿ ಸೇರಿಸಿದ ಲೇಪ. ಈ ಎರಡನೆಯದನ್ನು ಜರ್ಮನಿಯ ಮಾಲೆ ಕಂಪನಿಯವರು ೧೯೬೭ರಲ್ಲಿ ಬಳಕೆಗೆ ತಂದರು. ಲೇಪ ಯಾವುದೇ ಇರಲಿ, ಅದರ ದಪ್ಪ ಒಂದು ಕೂದಲೆಳೆಯಷ್ಟು ಮಾತ್ರ.

ಹಿತ್ತಾಳೆ ಪಾತ್ರೆಯ ಒಳಗೆ ಕಲಾಯಿ ಇದ್ದಹಾಗೆ ಇದು ಎಂದು ತಿಳಿಯಿರಿ. ಕಲಾಯಿ ಇರುವತನಕ ಪಾತ್ರೆಯಲ್ಲಿ ಹುಳಿ ಕಾಯಿಸಬಹುದು. ಕಲಾಯಿ ಹೋದ ಮೇಲೆ ಕಾಯಿಸಬಾರದು. ಒಂದೇ ವ್ಯತ್ಯಾಸವೆಂದರೆ ಪಾತ್ರೆಗೆ ಕಲಾಯಿಯವನನ್ನು ಕರೆದು ಮತ್ತೆ ಹಾಕಿಸಬಹುದು. ಇಷ್ಟು ಸಣ್ಣ ಸಿಲಿಂಡರಿಗೆ ಮತ್ತೆ ಲೇಪ ಹಾಕಿಸಹೊರಟರೆ ಹೊಸ ಸಿಲಿಂಡರೇ ಮೇಲು ಎನ್ನಿಸುವಷ್ಟು ಖರ್ಚು ಬೀಳುತ್ತದೆ.

ಯೆಜ್ಡಿಯ ಲೆಕ್ಕ ಇಲ್ಲಿ ನಡೆಯದು

ನಮ್ಮ ಕಡೆಯ ಹಳೆಯ ಮೆಕ್ಯಾನಿಕ್ಕುಗಳಲ್ಲಿ ಬಹಳ ಜನ ಟು ಸ್ಟ್ರೋಕ್ ವಿದ್ಯೆ ಕಲಿತದ್ದು ಜಾವಾ, ಯೆಜ್ಡಿ ಬೈಕುಗಳ ಮೇಲೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ೧೯೬೧ರಿಂದ ೧೯೯೬ರ ವರೆಗೆ ಆ ಬೈಕುಗಳನ್ನು ಮಾಡಿತು. ಅವುಗಳ ಸಿಲಿಂಡರ್ ಎರಕದ ಕಬ್ಬಿಣದ್ದು. ಒಳಗೆ ಗೀಚು ಬಿದ್ದರೆ ಲೇತಿಗೆ ಕೊಟ್ಟು ಬೋರ್ ಮಾಡಿಸುವುದು, ಒಂದು ಸೈಜು ದಪ್ಪನೆ ಪಿಸ್ಟನ್ ಹಾಕುವುದು, ಬೈಕು ಮತ್ತೆ ಹೊಸದರಂತೆ ಓಡುವುದು, ಇದೆಲ್ಲ ನಮ್ಮ ಜನಕ್ಕೆ ಗೊತ್ತಿರುವ ವಿಷಯ. ಕಬ್ಬಿಣದ ಗೋಡೆ ದಪ್ಪವಾಗಿರುವುದರಿಂದ ಅಲ್ಲಿ ಅದು ಸರಿ.

ಲೇಪ ಹಾಕಿದ ಚೈನ್ ಸಾ ಸಿಲಿಂಡರಿಗೆ ಇದೇ ಕೆಲಸ ಮಾಡಿದರೆ ಆ ಸಿಲಿಂಡರ್ ಅಲ್ಲಿಗೆ ಮುಗಿಯಿತು. ಲೇತಿನ ಉಳಿ ಒಂದು ಸುತ್ತು ಬಂದರೆ ಕೂದಲೆಳೆಯಷ್ಟು ದಪ್ಪದ ಲೇಪ ಪೂರಾ ಹೋಗಿ ಮೆತ್ತನೆ ಅಲ್ಯೂಮಿನಿಯಂ ಬಯಲಾಗುತ್ತದೆ. ಹೋನಿಂಗ್ ಕಲ್ಲು ಹಾಕಿ ಯಂತ್ರದಿಂದ ಉಜ್ಜಿಸುವುದೂ ಬೇಡ. ಆ ಕಲ್ಲು ಕಿಂಡಿಗಳ ಅಂಚಿಗೆ ತಗುಲಿ ಲೇಪ ಎಬ್ಬಿಸಿಬಿಡುತ್ತದೆ. ಆದ್ದರಿಂದ "ಬೋರ್ ಮಾಡಿಸಾನ" ಎಂದು ಯಾರಾದರೂ ಅಂದರೆ, ಇದು ಕಬ್ಬಿಣದ ಸಿಲಿಂಡರೋ ಲೇಪದ ಸಿಲಿಂಡರೋ ಎಂದು ಮೊದಲು ಕೇಳಿ. ಲೇಪದ್ದಾದರೆ ಕೊಡಬೇಡಿ.

ಅಂಟಿದ್ದೋ, ಕಿತ್ತದ್ದೋ?

ಈಗ ಮುಖ್ಯವಾದ ಮಾತಿಗೆ ಬರೋಣ. ಗೋಡೆಯ ಮೇಲೆ ಕಾಣುವ ಗೀಚೆಲ್ಲ ಗೋಡೆಗೆ ಆದ ಗಾಯವಲ್ಲ.

ಇಂಜಿನ್ನು ಮಿತಿಮೀರಿ ಕಾದಾಗ ಪಿಸ್ಟನ್ನು ಹಿಗ್ಗುತ್ತದೆ, ಜಿಡ್ಡಿನ ಪೊರೆ ಹರಿಯುತ್ತದೆ. ಅಲ್ಯೂಮಿನಿಯಂ ಸುಮಾರು ೬೬೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುವ ಲೋಹ. ಅದಕ್ಕೆ ಬಹಳ ಮುಂಚೆಯೇ ಮೆತ್ತಗಾಗುತ್ತದೆ. ಹೀಗೆ ಮೆತ್ತಗಾದ ಪಿಸ್ಟನ್ನಿನ ಮೈ ಗಟ್ಟಿಯಾದ ಗೋಡೆಗೆ ಬಳಿದುಕೊಳ್ಳುತ್ತದೆ. ಸವೆದದ್ದು ಪಿಸ್ಟನ್ನು, ಗೋಡೆಯ ಮೇಲೆ ಕಾಣುವುದು ಅದರ ಮೆತ್ತಿಗೆ. ತಳ ಹತ್ತಿದ ಅನ್ನದ ಪಾತ್ರೆಯನ್ನು ನೆನೆದುಕೊಳ್ಳಿ. ಸೀಕು ಎಷ್ಟೇ ಕರ್ರಗೆ ಕಂಡರೂ ಪಾತ್ರೆ ತೂತಾಗಿದೆ ಎಂದು ಯಾರೂ ಎಸೆಯುವುದಿಲ್ಲ. ನೆನೆಹಾಕಿ ಉಜ್ಜಿದ ಮೇಲೆ ತಾನೆ ತಳ ಹೇಗಿದೆ ಎಂದು ಗೊತ್ತಾಗುವುದು? ಸಿಲಿಂಡರಿಗೂ ಅದೇ ನ್ಯಾಯ. ಉಜ್ಜಿ ನೋಡದೆ ತೀರ್ಪು ಕೊಡಬಾರದು.

ಬಿಚ್ಚದೆಯೇ ನೋಡುವ ಬಗೆ

ಇಂಜಿನ್ ಪೂರಾ ಬಿಚ್ಚುವ ಮೊದಲೇ ಸ್ವಲ್ಪ ತಿಳಿಯಬಹುದು. ಮೊದಲು ಪ್ಲಗ್ಗಿನ ಟೋಪಿ ಕಿತ್ತು ಪ್ಲಗ್ಗನ್ನು ಹೊರಗೆ ತೆಗೆಯಿರಿ. ಇದನ್ನು ಮರೆಯಬೇಡಿ. ಸರಪಳಿ ಇರುವ ಮಿಷನ್ನು ಕೈಯಲ್ಲಿದ್ದಾಗ ಇಂಜಿನ್ನು ಹತ್ತುವ ಸಂಭವವೇ ಇರಬಾರದು. ಆಮೇಲೆ ಸೈಲೆನ್ಸರ್ ಬಿಚ್ಚಿ. ಅಲ್ಲೊಂದು ಕಿಂಡಿ ಕಾಣುತ್ತದೆ. ಹೊಗೆ ಹೊರಗೆ ಹೋಗುವ ಕಿಂಡಿ ಅದು. ಬ್ಯಾಟರಿ ಬಿಟ್ಟು ನೋಡುತ್ತ ಹಗ್ಗವನ್ನು ಮೆಲ್ಲಗೆ ಎಳೆಯಿರಿ. ಪಿಸ್ಟನ್ನಿನ ಮೈ ನುಣ್ಣಗಿದ್ದು ರಿಂಗು ಸಡಿಲವಾಗಿ ಆಡುತ್ತಿದ್ದರೆ ಒಳ್ಳೆಯದು. ಮೇಲಿಂದ ಕೆಳಕ್ಕೆ ಗೀಚುಗಳಿದ್ದು ರಿಂಗು ತನ್ನ ಕಾಲುವೆಯಲ್ಲಿ ಕಚ್ಚಿಕೊಂಡಿದ್ದರೆ ಸಿಲಿಂಡರ್ ಬಿಚ್ಚಲೇಬೇಕು.

ಅಂಗಡಿಯವರ ಬಳಿ ಒತ್ತಡ ನೋಡುವ ಗೇಜು ಇದ್ದರೆ ಅದನ್ನೂ ಹಾಕಿಸಿ ನೋಡಿ. ಒಳ್ಳೆಯ ಇಂಜಿನ್ನು ಚದರ ಅಂಗುಲಕ್ಕೆ ಸುಮಾರು ೧೫೦ ಪೌಂಡ್ ತೋರಿಸುತ್ತದೆ. ೧೧೦ಕ್ಕಿಂತ ಕೆಳಗಿಳಿದರೆ ಅದರ ಬಲ ಕುಗ್ಗಿದೆ ಎಂದೇ ತಿಳಿಯಿರಿ. ನಿಮ್ಮ ಮಿಷನ್ನಿನ ಪುಸ್ತಕದಲ್ಲಿ ಬೇರೆ ಅಂಕಿ ಕೊಟ್ಟಿದ್ದರೆ ಅದನ್ನೇ ಪ್ರಮಾಣವಾಗಿ ಇಟ್ಟುಕೊಳ್ಳಿ.

ಗೀಚು ಇರುವ ಜಾಗ ಕಾರಣ ಹೇಳುತ್ತದೆ

ಸಿಲಿಂಡರ್ ಬಿಚ್ಚಿದ ಮೇಲೆ ತಕ್ಷಣ ತೊಳೆಯಬೇಡಿ. ಗೀಚು ಎಲ್ಲಿದೆ ಎಂದು ನೋಡಿ. ಮೆಕ್ಯಾನಿಕ್ಕೂ ನೀವೂ ಕೂತು ನೋಡಬೇಕಾದದ್ದು ಇದು.

ಸೈಲೆನ್ಸರ್ ಕಡೆ ಮಾತ್ರ ಗೀಚು ಇದ್ದರೆ ಇಂಜಿನ್ನು ಅತಿಯಾಗಿ ಕಾದಿದೆ. ಆ ಕಡೆ ಯಾವಾಗಲೂ ಬಿಸಿ ಹೆಚ್ಚು. ಪೆಟ್ರೋಲು ಕಡಿಮೆ ಬಂದು ಗಾಳಿ ಹೆಚ್ಚಾದರೂ, ತಣಿಸುವ ರೆಕ್ಕೆಗಳ ನಡುವೆ ಮರದ ಹೊಟ್ಟು ತುಂಬಿದ್ದರೂ ಹೀಗಾಗುತ್ತದೆ. ಕಿಂಡಿಯಲ್ಲಿ ಕಟ್ಟಿದ ಮಸಿ ಕಿತ್ತು ಸಿಕ್ಕಿಕೊಂಡರೂ ಈ ಕಡೆಯೇ ಗೆರೆ ಬೀಳುತ್ತದೆ.

ಕಾರ್ಬೊರೇಟರ್ ಕಡೆ ಪಿಸ್ಟನ್ನು ಬೂದುಬಣ್ಣವಾಗಿ ಹೊಳಪುಗೆಟ್ಟು ಸವೆದಿದ್ದರೆ ಅದು ಧೂಳಿನ ಕೆಲಸ. ಏರ್ ಫಿಲ್ಟರ್ ಹರಿದಿದೆ, ಇಲ್ಲವೆ ಸರಿಯಾಗಿ ಕೂತಿಲ್ಲ. ಬೇಸಗೆಯಲ್ಲಿ ನಮ್ಮ ಕೆಂಪುಮಣ್ಣಿನ ಧೂಳು, ಮರದ ನಯವಾದ ಹೊಟ್ಟು ಎರಡೂ ಸೇರಿದರೆ ಫಿಲ್ಟರಿಗೆ ಬಿಡುವೇ ಇಲ್ಲ.

ಸುತ್ತಲೂ ಗೀಚು ಇದ್ದು ಪಿಸ್ಟನ್ನಿನ ಮೈಯೆಲ್ಲ ಒಣಗಿದಂತಿದ್ದರೆ ಎಣ್ಣೆ ಬೆರೆಸದ ಪೆಟ್ರೋಲು ಹೋಗಿದೆ ಎಂದು ಶಂಕೆಪಡಿ. ಬೈಕಿಗೆ ಇಟ್ಟ ಬರೀ ಪೆಟ್ರೋಲನ್ನು ಯಾರೋ ತಿಳಿಯದೆ ಮಿಷನ್ನಿಗೆ ಹಾಕಿರುತ್ತಾರೆ. ಇದಕ್ಕೆ ಮನೆಯಲ್ಲೇ ಪರಿಹಾರ ಇದೆ. ಮಿಶ್ರಣದ ಕ್ಯಾನಿಗೆ ಒಂದು ಕೆಂಪು ಬಟ್ಟೆ ಕಟ್ಟಿ ಬೇರೆ ಕಡೆ ಇಡಿ. ಕೆಂಪು ಬಟ್ಟೆ ಇಲ್ಲದ ಕ್ಯಾನು ಮಿಷನ್ನಿಗೆ ಇಲ್ಲ ಎಂದು ಮನೆಮಂದಿಗೆಲ್ಲ ಹೇಳಿಡಿ.

ಪಿಸ್ಟನ್ನಿನ ಪಿನ್ ಇರುವ ಕಡೆ ಒಂದೇ ಒಂದು ಆಳವಾದ ನೇರ ಕಾಲುವೆ ಕೊರೆದಿದ್ದರೆ ಪಿನ್ನಿನ ಲಾಕು ಬಿಚ್ಚಿಕೊಂಡು ಗೋಡೆಯನ್ನು ಉತ್ತಿದೆ. ಇಂಥ ಕಡೆ ಲೇಪ ಸಾಮಾನ್ಯವಾಗಿ ಉಳಿದಿರುವುದಿಲ್ಲ.

ಉಜ್ಜಿ ನೋಡುವುದು

ಈಗ ಉಗುರಿನ ಪರೀಕ್ಷೆ. ಗೀಚಿನ ಉದ್ದಕ್ಕೆ ಉಗುರು ಎಳೆಯಬೇಡಿ, ಅಡ್ಡಕ್ಕೆ ಎಳೆಯಿರಿ. ಉಗುರು ಏರಿ ಇಳಿದರೆ ಅಲ್ಲಿ ಏನೋ ಮೇಲೆ ಅಂಟಿದೆ. ಉಗುರು ಒಳಕ್ಕೆ ಬಿದ್ದು ಸಿಕ್ಕಿಕೊಂಡರೆ ಗೋಡೆಯೇ ಕಿತ್ತಿರಬಹುದು. ಎರಡೂ ಕಡೆ ಮೆತ್ತಿಗೆ ಇದ್ದು ನಡುವೆ ಬರಿಯ ಗೋಡೆ ಇದ್ದರೂ ಹಳ್ಳದ ಹಾಗೆ ತೋರುವುದರಿಂದ, ಉಜ್ಜಿದ ಮೇಲೆ ಇನ್ನೊಂದು ಸಲ ಈ ಪರೀಕ್ಷೆ ಮಾಡಬೇಕು.

ಉಜ್ಜುವುದಕ್ಕೆ ನುಣುಪಾದ ಎಮರಿ ಬಟ್ಟೆ, ೩೨೦ ಅಥವಾ ೪೦೦ ನಂಬರಿನದು ಸಾಕು. ಸ್ವಲ್ಪ ಎಣ್ಣೆ ಹಚ್ಚಿ, ಬೆರಳಿಗೆ ಸುತ್ತಿಕೊಂಡು, ಮೆತ್ತಿಗೆ ಇರುವ ಜಾಗದಲ್ಲಿ ಮಾತ್ರ ಓರೆಯಾಗಿ ಆಡಿಸಿ. ಮೆತ್ತನೆಯ ಅಲ್ಯೂಮಿನಿಯಂ ಮೊದಲು ಹೋಗುತ್ತದೆ, ಗಟ್ಟಿ ಲೇಪ ತಡೆದುಕೊಳ್ಳುತ್ತದೆ. ಅವಸರ ಬೇಡ. ಒಂದು ಗಂಟೆ ಹಿಡಿದರೂ ಹಿಡಿಯಲಿ. ಹೊಸ ಸಿಲಿಂಡರಿನ ಬೆಲೆಯ ಮುಂದೆ ಒಂದು ಗಂಟೆ ಹೆಚ್ಚಲ್ಲ.

ಕೆಲವು ಮೆಕ್ಯಾನಿಕ್ಕುಗಳು ಕಕ್ಕಸು ತೊಳೆಯುವ ಆಸಿಡ್ ಹಾಕಿ ಮೆತ್ತಿಗೆ ಕರಗಿಸುತ್ತಾರೆ. ಹತ್ತಿಯ ತುದಿಗೆ ಒಂದು ಹನಿ ತೆಗೆದುಕೊಂಡು ಮೆತ್ತಿಗೆಯ ಮೇಲಷ್ಟೇ ಮುಟ್ಟಿಸಿದರೆ ಅಲ್ಯೂಮಿನಿಯಂ ನೊರೆ ಬಿಟ್ಟು ಕರಗುತ್ತದೆ. ನೊರೆ ನಿಂತರೆ ಲೇಪ ಸಿಕ್ಕಿತು ಎಂದು ಅರ್ಥ. ನೊರೆ ನಿಲ್ಲದೆ ಬರುತ್ತಲೇ ಇದ್ದರೆ ಅಲ್ಲಿ ಲೇಪವೇ ಇಲ್ಲ, ಆಸಿಡ್ ಸಿಲಿಂಡರನ್ನೇ ತಿನ್ನುತ್ತಿದೆ. ಹೀಗೆ ಅದು ಒಂದು ಪರೀಕ್ಷೆಯೂ ಹೌದು. ಆದರೆ ಈ ಆಸಿಡ್ ಕ್ರೋಮ್ ಲೇಪವನ್ನು ತಿನ್ನುತ್ತದೆ. ನಿಮ್ಮದು ಯಾವ ಲೇಪವೆಂದು ಖಚಿತವಾಗಿ ತಿಳಿಯದಿದ್ದರೆ ಆಸಿಡ್ಡಿನ ಗೊಡವೆಗೇ ಹೋಗಬೇಡಿ, ಎಮರಿಯೇ ಸಾಕು. ಹಾಕುವುದೇ ಆದರೆ ಸಿಲಿಂಡರ್ ಇಂಜಿನ್ನಿನಿಂದ ಬೇರೆಯಾಗಿರಬೇಕು. ಬಯಲಲ್ಲಿ ನಿಂತು, ಕೈಗೆ ರಬ್ಬರ್ ಚೀಲ, ಕಣ್ಣಿಗೆ ಕನ್ನಡಕ ಹಾಕಿಕೊಂಡು ಮಾಡಬೇಕು. ಕೆಲಸ ಮುಗಿದ ಮೇಲೆ ಧಾರಾಳವಾಗಿ ನೀರು ಬಿಟ್ಟು ತೊಳೆದು, ಒಣಗಿಸಿ, ಎಣ್ಣೆ ಸವರಬೇಕು. ಬ್ಲೀಚಿಂಗ್ ಪುಡಿಯನ್ನು ಇದರ ಹತ್ತಿರ ತರಲೇಬೇಡಿ, ಎರಡೂ ಸೇರಿದರೆ ವಿಷದ ಗಾಳಿ ಏಳುತ್ತದೆ. ಮಕ್ಕಳು ಓಡಾಡುವ ಅಂಗಳದಲ್ಲಿ ಈ ಕೆಲಸ ಬೇಡ.

ಇಟ್ಟುಕೊಳ್ಳತಕ್ಕದ್ದು, ಎಸೆಯತಕ್ಕದ್ದು

ಉಜ್ಜಿ ಒರೆಸಿದ ಮೇಲೆ ಸಿಲಿಂಡರನ್ನು ಬಿಸಿಲಿಗೆ ಹಿಡಿದು ನೋಡಿ. ಗೋಡೆಯೆಲ್ಲ ಒಂದೇ ಬಣ್ಣವಾಗಿದ್ದು, ಉಗುರು ಎಲ್ಲೂ ಸಿಕ್ಕದೆ ಜಾರಿದರೆ ಆ ಸಿಲಿಂಡರ್ ಬದುಕಿದೆ. ಮಸುಕಾದ ಗೆರೆಯ ಗುರುತು ಕಣ್ಣಿಗೆ ಕಂಡರೂ ಉಗುರಿಗೆ ಸಿಕ್ಕದಿದ್ದರೆ ಚಿಂತೆಯಿಲ್ಲ. ಹೊಸ ಪಿಸ್ಟನ್ನು, ಹೊಸ ರಿಂಗು ಹಾಕಿ ಅದನ್ನೇ ಬಳಸಬಹುದು.

ಎಸೆಯಬೇಕಾದವು ಇವು: ಒಂದು, ಲೇಪ ಸಿಪ್ಪೆಯೆದ್ದು ಒಳಗಿನ ಲೋಹ ಬೇರೆ ಬಣ್ಣದಲ್ಲಿ ಕಾಣುವಂಥದು. ಎರಡು, ಉಜ್ಜಿದ ಮೇಲೂ ಉಗುರು ಸಿಕ್ಕುವ ಕಾಲುವೆ ಇರುವಂಥದು. ಮೂರು, ಕಿಂಡಿಗಳ ಅಂಚಿನಲ್ಲಿ ಲೇಪ ಚೂರು ಎದ್ದಿರುವಂಥದು. ಓಡುವ ರಿಂಗು ಆ ಅಂಚಿಗೆ ಸಿಕ್ಕಿ ತುಂಡಾಗುತ್ತದೆ, ತುಂಡಾದ ರಿಂಗು ಉಳಿದದ್ದನ್ನೂ ಹಾಳುಮಾಡುತ್ತದೆ. ನಾಲ್ಕು, ಬಿರುಕು ಬಿಟ್ಟಿರುವಂಥದು ಅಥವಾ ಪ್ಲಗ್ಗಿನ ಮರೆ ಕಿತ್ತುಹೋಗಿ ಕೂರಿಸಲಾಗದಂಥದು.

ಗಾಯ ಎಲ್ಲಿದೆ ಎಂಬುದನ್ನೂ ಗಮನಿಸಬೇಕು. ಸೈಲೆನ್ಸರ್ ಕಿಂಡಿಯಿಂದ ಮೇಲಿನ ಭಾಗದಲ್ಲೇ ರಿಂಗು ಗಾಳಿಯನ್ನು ಒತ್ತಿ ಹಿಡಿಯುವುದು. ಆ ಭಾಗದಲ್ಲಿ ಚಿಕ್ಕ ಗಾಯವಾದರೂ ಒತ್ತಡ ಸೋರುತ್ತದೆ. ಗೋಡೆಯ ತೀರ ಕೆಳತುದಿಯಲ್ಲಿ, ರಿಂಗು ಮುಟ್ಟದ ಕಡೆ, ಒಂದು ಸಣ್ಣ ಚುಕ್ಕೆ ಇದ್ದರೆ ತೋಟದ ಕೆಲಸಕ್ಕೆ ನಡೆದೀತು. ದಿನವಿಡೀ ಕೂಲಿಗೆ ಓಡಿಸುವ ಮಿಷನ್ನಿಗೆ ಅದೂ ಬೇಡ. ಯಾರಿಂದಲಾದರೂ ಹಳೆಯ ಸಿಲಿಂಡರ್ ಕೊಳ್ಳುವುದಿದ್ದರೂ ಇದೇ ಪರೀಕ್ಷೆ ಮಾಡಿಯೇ ಕೊಳ್ಳಿ.

ಗೀಚುಬಿದ್ದ ಹಳೆಯ ಪಿಸ್ಟನ್ನನ್ನು ಮಾತ್ರ ಉಜ್ಜಿ ಮತ್ತೆ ಹಾಕುವ ಆಸೆ ಬೇಡ. ತನ್ನ ಮೈ ಕಳೆದುಕೊಂಡದ್ದು ಅದೇ. ಸಿಲಿಂಡರಿಗೆ ಹೋಲಿಸಿದರೆ ಪಿಸ್ಟನ್ನು ಕಡಿಮೆ ಬೆಲೆಯದು.

ಕಾರಣ ತಿಳಿಯದೆ ಜೋಡಿಸಬೇಡಿ

ಸಿಲಿಂಡರ್ ಚೆನ್ನಾಗಿದೆ ಎಂದು ಗೊತ್ತಾಯಿತು, ಹೊಸ ಪಿಸ್ಟನ್ನೂ ಬಂತು. ಇಲ್ಲಿಗೆ ಕೆಲಸ ಮುಗಿಯಲಿಲ್ಲ. ಹಳೆಯ ಪಿಸ್ಟನ್ನನ್ನು ತಿಂದ ಕಾರಣ ಒಳಗೇ ಕೂತಿದ್ದರೆ ಹೊಸದನ್ನೂ ತಿನ್ನುತ್ತದೆ.

ಮೊದಲನೆಯದು ಎಣ್ಣೆಯ ಅಳತೆ. ಪುಸ್ತಕದಲ್ಲಿ ೫೦ಕ್ಕೆ ೧ ಎಂದಿದ್ದರೆ ಒಂದು ಲೀಟರ್ ಪೆಟ್ರೋಲಿಗೆ ೨೦ ಮಿಲಿ ಲೀಟರ್ ಎಣ್ಣೆ. ೪೦ಕ್ಕೆ ೧ ಎಂದಿದ್ದರೆ ೨೫ ಮಿಲಿ ಲೀಟರ್. ೨೫ಕ್ಕೆ ೧ ಎಂದಿದ್ದರೆ ೪೦ ಮಿಲಿ ಲೀಟರ್. ಕಣ್ಣಂದಾಜಿನಲ್ಲಿ ಸುರಿಯಬಾರದು. ಔಷಧದ ಅಳತೆ ಲೋಟವನ್ನೋ ಸೂಜಿಯಿಲ್ಲದ ಸಿರಿಂಜನ್ನೋ ಇದಕ್ಕೆಂದೇ ಇಟ್ಟುಕೊಳ್ಳಿ. ಎಣ್ಣೆ ಟು ಸ್ಟ್ರೋಕ್ ಎಣ್ಣೆಯೇ ಆಗಿರಬೇಕು. ಟ್ರಾಕ್ಟರಿನಿಂದ ಬಸಿದ ಹಳೆಯ ಎಣ್ಣೆ ಇಂಜಿನ್ನಿಗೆ ವಿಷ.

ಎರಡನೆಯದು ಪೆಟ್ರೋಲು. ನಮ್ಮ ದೇಶದಲ್ಲಿ ಪೆಟ್ರೋಲಿಗೆ ಎಥನಾಲ್ ಬೆರೆಸುವ ಪ್ರಮಾಣ ೨೦೨೫ರಲ್ಲಿ ಶೇಕಡ ೨೦ಕ್ಕೆ ಮುಟ್ಟಿತು. ಎಷ್ಟೋ ಚೈನ್ ಸಾ ಕೈಪಿಡಿಗಳಲ್ಲಿ ಶೇಕಡ ೧೦ರ ವರೆಗೆ ಮಾತ್ರ ಎಂದು ಬರೆದಿರುತ್ತದೆ. ಎಥನಾಲ್ ಹೆಚ್ಚಿದಷ್ಟೂ ಇಂಜಿನ್ನಿಗೆ ಇಂಧನ ಸಾಲದೆ ಬಿಸಿ ಏರುತ್ತದೆ. ಜೊತೆಗೆ ಎಥನಾಲ್ ಗಾಳಿಯ ತೇವ ಹೀರುತ್ತದೆ. ನೀರು ಹೆಚ್ಚಾದರೆ ಅದು ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತದೆ. ಆ ತಳದ ನೀರು ಇಂಜಿನ್ನಿಗೆ ಹೋದರೆ ಜಿಡ್ಡೇ ಇರುವುದಿಲ್ಲ. ಅದಕ್ಕೆ ಎರಡು ಮೂರು ವಾರಕ್ಕೆ ಆಗುವಷ್ಟೇ ಬೆರೆಸಿ, ಕ್ಯಾನು ಬಿಗಿಯಾಗಿ ಮುಚ್ಚಿ ನೆರಳಲ್ಲಿಡಿ. ಕೆಲಸವಿಲ್ಲದ ತಿಂಗಳಲ್ಲಿ ಟ್ಯಾಂಕು ಬರಿದು ಮಾಡಿ, ಇಂಜಿನ್ನು ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಿ. ಬಂಕಿನಲ್ಲಿ ಈಗ ಸಿಗುವ ಪೆಟ್ರೋಲಿಗೆ ಹೊಂದುವಂತೆ ಕಾರ್ಬೊರೇಟರ್ ತಿರುಗಿಸಿಕೊಡಲು ಮೆಕ್ಯಾನಿಕ್ಕಿಗೆ ಹೇಳಿ.

ಮೂರನೆಯದು ಕಳ್ಳಗಾಳಿ. ಕಾರ್ಬೊರೇಟರಿನ ರಬ್ಬರ್ ಕೊಳವೆ ಬಿರಿದಿದ್ದರೆ, ಕ್ರ್ಯಾಂಕಿನ ಆಯಿಲ್ ಸೀಲು ಒಣಗಿದ್ದರೆ ಅಲ್ಲಿಂದ ಗಾಳಿ ನುಗ್ಗುತ್ತದೆ. ರೇಸು ಬಿಟ್ಟ ಮೇಲೂ ಇಂಜಿನ್ನು ಇಳಿಯದೆ ಕೂಗುತ್ತಿದ್ದದ್ದು ನಿಮಗೆ ನೆನಪಿದ್ದರೆ ಇದನ್ನೇ ಶಂಕಿಸಿ. ತಿಳಿದ ಅಂಗಡಿಯವರು ಕಿಂಡಿಗಳನ್ನು ಮುಚ್ಚಿ ಒಳಗೆ ಚದರ ಅಂಗುಲಕ್ಕೆ ಸುಮಾರು ೭ ಪೌಂಡ್ ಗಾಳಿ ತುಂಬಿ, ಅದು ನಿಲ್ಲುತ್ತದೋ ಸೋರುತ್ತದೋ ನೋಡುತ್ತಾರೆ. ಗಾಳಿ ಹೀರಿಯೂ ನೋಡಬೇಕು. ಈ ಪರೀಕ್ಷೆಗೆ ಕೊಟ್ಟ ಹಣ ದಂಡವಲ್ಲ.

ನಾಲ್ಕನೆಯದು ಬೇರಿಂಗು. ಕ್ರ್ಯಾಂಕನ್ನು ಕೈಯಲ್ಲಿ ಅಲುಗಾಡಿಸಿದಾಗ ಮೇಲೆಕೆಳಗೆ ಆಟ ಕಂಡರೆ, ತಿರುಗಿಸಿದಾಗ ಕರಕರ ಅಂದರೆ, ಸಿಲಿಂಡರ್ ಎಷ್ಟೇ ಚೆನ್ನಾಗಿದ್ದರೂ ಫಲವಿಲ್ಲ.

ಖರ್ಚಿನ ಲೆಕ್ಕ

ಇಷ್ಟಾದ ಮೇಲೆ ಲೆಕ್ಕ ಹಾಕಿ. ನಿಮ್ಮ ಮಿಷನ್ನಿನಂಥದೇ ಹೊಸದಕ್ಕೆ ೧೦೦ ರೂಪಾಯಿ ಎಂದು ಇಟ್ಟುಕೊಳ್ಳಿ. ಪಿಸ್ಟನ್ನು, ರಿಂಗು, ಸೀಲು, ಕೂಲಿ ಎಲ್ಲ ಸೇರಿ ಅದರಲ್ಲಿ ಎಷ್ಟಾಯಿತು ಎಂದು ನೋಡಿ. ೨೫ರ ಒಳಗಿದ್ದು ಸಿಲಿಂಡರ್ ಬದುಕಿದ್ದರೆ ಯೋಚನೆಯೇ ಬೇಡ, ರಿಪೇರಿ ಮಾಡಿಸಿ. ಸಿಲಿಂಡರೂ ಹೊಸದು ಬೇಕಾಗಿ ೫೦ನ್ನು ದಾಟಿದರೆ, ಮಿಷನ್ನೂ ಹಳೆಯದಾಗಿದ್ದರೆ, ಕೈಬಿಡುವುದು ಮೇಲು. ನಡುವೆ ಇದ್ದರೆ ಬೇರಿಂಗು, ಸರಪಳಿಯ ಪಟ್ಟಿ, ಕ್ಲಚ್ಚು ಹೇಗಿವೆ ಎಂದು ನೋಡಿ ತೀರ್ಮಾನಿಸಿ. ಅಗ್ಗದ ನಕಲಿ ಸೆಟ್ಟು ಕೊಳ್ಳುವುದಾದರೆ ಕಿಂಡಿಗಳ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿ. ಅಂಚು ಚೂಪಾಗಿದ್ದರೆ, ಲೇಪ ಗಂಟುಗಂಟಾಗಿದ್ದರೆ ಅಂಥದು ಬೇಡ. ನಿಮ್ಮ ಹಳೆಯ ಸಿಲಿಂಡರಿನ ಲೇಪ ಉಳಿದಿದ್ದರೆ ಇಂಥ ಹೊಸದಕ್ಕಿಂತ ಅದೇ ವಾಸಿ.

ವರ್ಷಕ್ಕೆ ನಾಲ್ಕು ಮರ ಮಾತ್ರ ಕೊಯ್ಯುವವರು ಸ್ವಂತ ಮಿಷನ್ನು ಬೇಕೇ ಎಂದೂ ಯೋಚಿಸಬೇಕು. ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರದಲ್ಲಿ ಏನೇನು ಸಿಗುತ್ತದೆ ಎಂದು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಯಂತ್ರಗಳ ವಿಷಯದಲ್ಲಿ ಸಂದೇಹವಿದ್ದರೆ ಹರದನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲೂ ಕೇಳಬಹುದು.

ಜೋಡಿಸುವಾಗ

ಕ್ರ್ಯಾಂಕ್ ಕೇಸಿನೊಳಗೆ ಬಿದ್ದ ಅಲ್ಯೂಮಿನಿಯಂ ಚೂರುಗಳನ್ನು ಪೆಟ್ರೋಲಿನಲ್ಲಿ ತೊಳೆದು ತೆಗೆಯಬೇಕು. ಒಲೆ, ದೀಪ, ಬೀಡಿ ಹತ್ತಿರವಿರಬಾರದು. ಪಿಸ್ಟನ್ನಿನ ತಲೆಯ ಮೇಲೆ ಬಾಣದ ಗುರುತು ಇದ್ದರೆ ಅದು ಸೈಲೆನ್ಸರ್ ಕಡೆ ತೋರಿಸಬೇಕು. ರಿಂಗಿನ ಬಾಯಿ, ಕಾಲುವೆಯಲ್ಲಿರುವ ಸಣ್ಣ ಮೊಳೆಗೆ ಸರಿಯಾಗಿ ಕೂರಬೇಕು. ಪಿನ್ನಿನ ಲಾಕು ಯಾವಾಗಲೂ ಹೊಸದೇ ಹಾಕಬೇಕು. ಗೋಡೆಗೂ ಪಿಸ್ಟನ್ನಿಗೂ ಎಣ್ಣೆ ಸವರಿ ಇಳಿಸಬೇಕು. ಮೊದಲ ಒಂದೆರಡು ಟ್ಯಾಂಕು ಪೆಟ್ರೋಲು ಮುಗಿಯುವವರೆಗೆ ಸಣ್ಣ ಕೊಂಬೆ ಕೊಯ್ಯಿರಿ, ದಪ್ಪ ದಿಮ್ಮಿಗೆ ಹಾಕಬೇಡಿ. ಹತ್ತು ಗಂಟೆ ಕೆಲಸವಾದ ಮೇಲೆ ಸೈಲೆನ್ಸರ್ ಬಿಚ್ಚಿ ಮತ್ತೊಮ್ಮೆ ಕಿಂಡಿಯಲ್ಲಿ ನೋಡಿ. ಪಿಸ್ಟನ್ನು ನುಣ್ಣಗಿದ್ದರೆ ನಿಮ್ಮ ತೀರ್ಮಾನ ಸರಿಯಾಯಿತು. ಹೊಸ ಗೆರೆ ಕಂಡರೆ ಅಲ್ಲಿಯೇ ನಿಲ್ಲಿಸಿ. ಕಾರಣ ಇನ್ನೂ ಒಳಗಿದೆ.

ಟು ಸ್ಟ್ರೋಕ್ ಇಂಜಿನ್ನಿನ ಕಳೆ ಕಟಾವು ಮಿಷನ್ನಿಗೂ, ಬೆನ್ನಿಗೆ ಹೊರುವ ಔಷಧ ಸಿಂಪಡಿಸುವ ಮಿಷನ್ನಿಗೂ ಈ ಮಾತೆಲ್ಲ ಅನ್ವಯಿಸುತ್ತದೆ.

ನೆನಪಿಡಬೇಕಾದದ್ದು

೧. ಗೀಚು ಕಂಡೊಡನೆ ಸಿಲಿಂಡರ್ ಎಸೆಯಬೇಡಿ. ಅದು ಪಿಸ್ಟನ್ನಿನ ಮೆತ್ತಿಗೆ ಇರಬಹುದು.
೨. ಲೇಪದ ಸಿಲಿಂಡರನ್ನು ಲೇತಿಗೆ ಕೊಡಬೇಡಿ.
೩. ತೊಳೆಯುವ ಮೊದಲು ಗೀಚು ಯಾವ ಕಡೆ ಇದೆ ಎಂದು ನೋಡಿ.
೪. ಉಜ್ಜಿದ ಮೇಲೆ ಉಗುರು ಜಾರಿದರೆ ಇಟ್ಟುಕೊಳ್ಳಿ, ಸಿಕ್ಕಿದರೆ ಎಸೆಯಿರಿ.
೫. ಕಾರಣ ಸಿಕ್ಕದೆ ಹೊಸ ಪಿಸ್ಟನ್ನು ಹಾಕಬೇಡಿ.
೬. ಮಿಶ್ರಣದ ಕ್ಯಾನಿಗೆ ಇವತ್ತೇ ಕೆಂಪು ಬಟ್ಟೆ ಕಟ್ಟಿ.

ಅಂಗಡಿಯಲ್ಲಿ "ಸಿಲಿಂಡರ್ ಹೋಯ್ತು" ಎಂದು ಹೇಳಿದರೆ "ಎಲ್ಲಿ, ತೋರ್ಸಪ್ಪ" ಎಂದು ಕೇಳುವುದಕ್ಕೆ ಸಂಕೋಚಪಡಬೇಡಿ. ದುಡ್ಡು ನಿಮ್ಮದು. ಬಿಸಿಲಿಗೆ ಹಿಡಿದು, ಉಗುರು ಎಳೆದು ನೋಡಿ, ಆಮೇಲೆ ಹಣ ಎಣಿಸಿ.